ಸಂಚಿಯೊಳಗಿನ ಮೂರು ಲೋಹ

ಮನುಷ್ಯನ ಗುಣವನ್ನು ಅವನ ಮಾತಿನಿಂದ ಅಳೆಯುವುದಕ್ಕಿಂತ ಅವನ ಜೇಬನ್ನು ಬರಿದುಮಾಡಿಸಿ ಅಳೆಯುವುದೇ ಮೇಲೆಂದು ನನ್ನದೊಂದು ಹಳೆಯ ನಂಬಿಕೆ. ಮಾತು ಎದುರಿಗಿರುವವರ ಮುಖ ನೋಡಿ ಹೊರಡುತ್ತದೆ; ಜೇಬಿನೊಳಗಿನ ಸಾಮಾನನ್ನು ನಾವು ಯಾರ ಮೆಚ್ಚಿಕೆಗಾಗಿಯೂ ಇಟ್ಟುಕೊಂಡಿರುವುದಿಲ್ಲ. ಈ ಪರೀಕ್ಷೆಯನ್ನು ಮೊದಲು ನನ್ನ ಮೇಲೆಯೇ ಮಾಡಿಕೊಂಡೆ. ಸಿಕ್ಕಿದ್ದು ಇಷ್ಟು: ಒಂದು ಮೊಬೈಲು, ಬ್ಯಾಂಕಿನವರು ಕೊಟ್ಟ ಪ್ಲಾಸ್ಟಿಕ್ಕಿನ ಕಾರ್ಡು, ಹೋದ ವಾರದ ಬಸ್ ಟಿಕೇಟು, ಮನೆಯ ಬೀಗದಕೈ, ಹತ್ತು ರೂಪಾಯಿಯ ಒಂದು ನಾಣ್ಯ. ಗುಣದ ವಿಚಾರವಾಗಿ ಹೆಚ್ಚೇನೂ ತಿಳಿಯಲಿಲ್ಲ. ಆದರೆ ಹೆಬ್ಬೆರಳಿನಿಂದ ಸವರುತ್ತ ಕುಳಿತಿರಬಹುದಾದ ಪದಾರ್ಥ ಒಂದೂ ಇಲ್ಲವಲ್ಲ ಎಂದು ಮನಸ್ಸಿಗೆ ಸ್ವಲ್ಪ ಪಿಚ್ಚೆನಿಸಿತು.

ಜೇಬು ನಮ್ಮ ಸೀಮೆಗೆ ಈಚೆಗೆ ಬಂದ ನೆಂಟ. ಅದಕ್ಕೆ ಮುಂಚೆ ಇದ್ದದ್ದು ಸಂಚಿ. ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದು, ಬಾಯಿಗೆ ದಾರ ಪೋಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಆ ಪುಟ್ಟ ಚೀಲದ ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ತಳದಲ್ಲಿ ನಾಲ್ಕು ಕಾಸು. ಈ ಚೀಲದ ಘನತೆ ಸಾಮಾನ್ಯವಾದುದಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಯಳಂದೂರಿನ ಹೆಣ್ಣುಮಗಳೊಬ್ಬಳು ‘ಹದಿಬದೆಯ ಧರ್ಮ’ವನ್ನು ಬರೆದು, ಸಂಚಿಯ ಹೊನ್ನಮ್ಮನೆಂದೇ ಕನ್ನಡ ಸಾಹಿತ್ಯದಲ್ಲಿ ನಿಂತಳು. ಯಳಂದೂರು ಈಗ ನಮ್ಮ ಚಾಮರಾಜನಗರ ಜಿಲ್ಲೆಯ ಒಂದು ತಾಲ್ಲೂಕು. ಸಂಚಿಯ ವಿಷಯದಲ್ಲಿ ನನಗೆ ಅಭಿಮಾನ ಕೊಂಚ ಹೆಚ್ಚಾದರೆ ವಾಚಕರು ಕ್ಷಮಿಸಬೇಕು.

ಇಷ್ಟೆಲ್ಲ ಪೀಠಿಕೆಗೆ ಕಾರಣ ಗುಂಡ್ಲುಪೇಟೆಯ ಕಡೆಯಿಂದ ಬಂದ ಒಂದು ಕರೆ. ನನ್ನ ಸೋದರಮಾವನ ಮಗ, ನನಗಿಂತ ಎರಡು ವರ್ಷ ಹಿರಿಯ, ಅಲ್ಲಿಯ ಒಂದು ಹಳ್ಳಿಯಲ್ಲಿ ಬೇಸಾಯಗಾರ. ಹಳೆಯ ಮನೆಯನ್ನು ಕೆಡವಿಸುತ್ತಿದ್ದಾರಂತೆ. ಅಟ್ಟದ ಮೇಲೆ ಮಾವನ ಜೋಳಿಗೆಯೂ ಸಂಚಿಯೂ ಸಿಕ್ಕಿದುವಂತೆ. ಗುಜರಿಯವನು ಬಂದು ನೋಡಿ ತಾಮ್ರಕ್ಕೆ ಇಷ್ಟು, ಕಂಚಿಗೆ ಇಷ್ಟು, ಹಿತ್ತಾಳೆಗೆ ಇಷ್ಟು ಎಂದು ಹೇಳಿಹೋಗಿದ್ದಾನಂತೆ. “ಕೊಡಕ್ಕ ಮನ್ಸಿಲ್ಲ. ಇಟ್ಕಂಡು ಏನ್ ಮಾಡನಾ ಅಂತಾನೂ ಗೊತ್ತಿಲ್ಲ. ಓದ್ದವನು ನೀನು, ಬಂದು ಯಾವ್ದು ಮೇಲು ಅಂತ ಹೇಳು ಬಾಮೈದ” ಎಂದರು. ಮರುದಿನವೇ ಚಾಮರಾಜನಗರದಲ್ಲಿ ಬಸ್ಸು ಹತ್ತಿದೆ. ಶ್ರಾವಣದ ದಿನಗಳು. ತೆರಕಣಾಂಬಿ ದಾಟುತ್ತಿದ್ದಂತೆ ರಸ್ತೆಯ ಎರಡು ಕಡೆಯೂ ಚೆಂಡುಹೂವಿನ ಹೊಲಗಳು ಹಿತ್ತಾಳೆಯ ಹರಿವಾಣವನ್ನು ಬೆಳಗಿಟ್ಟಂತೆ ಹೊಳೆಯುತ್ತಿದ್ದುವು. ದೂರದಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟ ಎಂದಿನಂತೆ ಮೋಡವನ್ನು ಹೊದ್ದು ಕುಳಿತಿತ್ತು.

ನನ್ನ ಮಾವ ಮಲೆಯ ಮಾದಪ್ಪನ ದೇವರಗುಡ್ಡ. ದೀಕ್ಷೆ ಪಡೆದವನು. ಬೇಸಾಯದ ಕೆಲಸ ಮುಗಿದ ತಿಂಗಳುಗಳಲ್ಲಿ ಜೋಳಿಗೆ ಹಾಕಿಕೊಂಡು, ಕಂಸಾಳೆ ಹಿಡಿದು ಊರೂರಿನಲ್ಲಿ ಕೋರಣ್ಯಕ್ಕೆ ಹೋಗುತ್ತಿದ್ದ. ಅವನು ತೀರಿಕೊಂಡು ಮೂವತ್ತು ವರ್ಷಗಳಾದುವು. ಜಗಲಿಯ ಮೇಲೆ ಗೋಣಿ ಹಾಸಿ ಭಾವ ಆ ಗಂಟನ್ನು ಬಿಚ್ಚಿದಾಗ ಮೂರು ಸಾಮಾನುಗಳು ಹೊರಬಂದುವು: ತಾಮ್ರದ ಒಂದು ಕಾಸು, ಹಿತ್ತಾಳೆಯ ಒಂದು ಸುಣ್ಣದ ಡಬ್ಬಿ, ಕಂಚಿನ ಒಂದು ಜೊತೆ ಕಂಸಾಳೆ. ಕಡೆಯದನ್ನು ಕಂಡೊಡನೆ ನನ್ನ ಕೈ ಹಿಂದಕ್ಕೆ ಸರಿಯಿತು. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

* * *

ಮೊದಲು ಕಾಸು. ಕಾಲು ರೂಪಾಯಿಯಷ್ಟು ಅಗಲದ, ಅಂಚು ಸವೆದ, ಕಾಫಿಬೀಜದ ಬಣ್ಣಕ್ಕೆ ತಿರುಗಿದ್ದ ಬಿಲ್ಲೆ. ಬೆಳಕಿಗೆ ವಾಲಿಸಿ ನೋಡಿದರೆ ಒಂದು ಆನೆ, ಅದರ ಮೇಲೆ ‘ಶ್ರೀ’, ಆಚೆ ಈಚೆ ಸೂರ್ಯಚಂದ್ರರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅವರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಅಭಿಮಾನದಿಂದ ಅರಿಕುಠಾರವೆಂಬ ನಮ್ಮೂರಿಗೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು; 1826ರಲ್ಲಿ ಚಾಮರಾಜೇಶ್ವರನ ದೇಗುಲವನ್ನು ಕಟ್ಟಿಸಿದರು. ಅದೇ ದೊರೆಗಳ ಟಂಕಸಾಲೆಯಿಂದ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದ ತಾಮ್ರದ ನಾಣ್ಯಗಳೂ ಹೊರಟುವು. ಆ ಟಂಕಸಾಲೆ 1843ರಲ್ಲಿ ಮುಚ್ಚಿತು. ಮಾವನಿಗೆ ಅದು ಅವನ ತಾತನಿಂದ ಬಂದದ್ದು. ಕೊಟ್ಟರೆ ಏನೂ ಬಾರದ ಆ ಕಾಸನ್ನು ಏಕೆ ಇಟ್ಟುಕೊಂಡಿದ್ದೀಯೆಂದು ಹುಡುಗನಾಗಿದ್ದಾಗ ನಾನು ಕೇಳಿದ್ದುಂಟು. “ಸಂಚಿ ಬರಿದಾಗ್ಬಾರ್ದು ಮಗ” ಎಂದಿದ್ದ.

ತಾಮ್ರವನ್ನು ಮೈಮೇಲೆ ಇಟ್ಟುಕೊಳ್ಳುವವನು ಅದರ ಎರಡು ಗುಣಗಳನ್ನು ತಿಳಿದಿರಬೇಕು. ಒಂದು, ಅದು ಮೃದು. ಬಡಿದರೆ ತಗ್ಗುತ್ತದೆ, ಬಗ್ಗಿಸಿದರೆ ಬಗ್ಗುತ್ತದೆ, ಒಡೆಯುವುದೆಂಬುದು ಮಾತ್ರ ಅದಕ್ಕೆ ತಿಳಿಯದು. ಸುತ್ತಿಗೆಯ ಪೆಟ್ಟು ತಿನ್ನುತ್ತ ತಿನ್ನುತ್ತ ಗಡುಸಾಗುತ್ತದೆ. ಬೆಂಕಿಗೆ ಹಿಡಿದರೆ ಮತ್ತೆ ಮೆತ್ತಗಾಗುತ್ತದೆ. ಬಿಂದಿಗೆ ಮಾಡುವವರು ಬಡಿಯುವುದೂ ಕಾಸುವುದೂ, ಬಡಿಯುವುದೂ ಕಾಸುವುದೂ ಇದೇ ಕಾರಣಕ್ಕೆ. ಮೃದುವಾದದ್ದಕ್ಕೆ ಸವೆತ ಹೆಚ್ಚು. ಇಂಗ್ಲೆಂಡಿನವರು ತಮ್ಮ ತಾಮ್ರದ ಪೆನ್ನಿಯನ್ನು 1860ರಲ್ಲಿ ಕಂಚಿಗೆ ಬದಲಾಯಿಸಿದರು. ನಮ್ಮ ಕಾಲಾಣೆಯೂ 1906ರಿಂದ ಕಂಚಿನದಾಯಿತು. ನೂರಕ್ಕೆ ಸುಮಾರು ತೊಂಬತ್ತೈದು ಪಾಲು ತಾಮ್ರವೇ. ಉಳಿದ ಐದು ಪಾಲು ತವರ, ಸತು. ಅಷ್ಟು ಬೆರಕೆಯಿಂದಲೇ ಅದಕ್ಕೆ ಗಟ್ಟಿತನ ಬಂದಿತು.

ಎರಡನೆಯದು, ತಾಮ್ರ ತನ್ನೊಡೆಯನ ಬೆವರನ್ನು ಮರೆಯುವುದಿಲ್ಲ. ಹೊಸದರಲ್ಲಿ ಕೆಂಪು, ವರ್ಷದೊಳಗೆ ಕಂದು, ದಶಕ ಕಳೆದರೆ ಕಪ್ಪಿಗೆ ಸಮೀಪ. ಒದ್ದೆ ಮತ್ತು ಉಪ್ಪು ತಾಕುತ್ತಿದ್ದರೆ ಹಸಿರು ಕಿಲುಬು. ತಾಮ್ರದ ಬಳೆ ತೊಟ್ಟವರ ಮಣಿಕಟ್ಟು ಹಸಿರಾಗುವುದು, ತಾಮ್ರ ಮುಟ್ಟಿದ ಬೆರಳು ಒಂದು ಬಗೆಯ ಕಟು ವಾಸನೆ ಬೀರುವುದು ಎಲ್ಲರೂ ಕಂಡದ್ದೇ. ಆ ವಾಸನೆ ಲೋಹದ್ದಲ್ಲ. ನಮ್ಮ ಚರ್ಮದ ಜಿಡ್ಡು ಲೋಹಕ್ಕೆ ತಾಕಿ ಹುಟ್ಟುವುದು. ತಪ್ಪು ನಮ್ಮದು, ಹೆಸರು ತಾಮ್ರದ್ದು. ಕಂದು ಬಣ್ಣದ ತೆಳುಪೊರೆ ಒಳಗಿನ ಲೋಹಕ್ಕೆ ರಕ್ಷೆ. ಮನೆಗೆ ತಂದ ಹಳೆಯ ಕಾಸನ್ನು ಹುಣಿಸೆಹಣ್ಣು ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡುವ ಉತ್ಸಾಹಿಗಳಿದ್ದಾರೆ. ಪೂಜೆಯ ತಂಬಿಗೆಗೆ ಅದು ಸರಿ; ಕಾಸಿಗೆ ಸಲ್ಲದು. ಹೊಳಪಿನ ಜೊತೆಗೆ ಆನೆಯ ಸೊಂಡಿಲೂ ಹೊರಟುಹೋಗುತ್ತದೆ.

* * *

ಇನ್ನು ಹಿತ್ತಾಳೆ. ಈ ಲೋಹದ ದುರದೃಷ್ಟವೆಂದರೆ ಚಿನ್ನದ ಬಣ್ಣ ಹೊತ್ತು ಹುಟ್ಟಿದ್ದು. ಬಂಗಾರವೆಂದು ನಂಬಿ ಮೋಸಹೋದವರ ಸಿಟ್ಟೆಲ್ಲ ಇದರ ಮೇಲೆ. ಹೇಳಿದ್ದನ್ನೆಲ್ಲ ನಂಬುವವನನ್ನು ಸಹ ನಾವು ‘ಹಿತ್ತಾಳೆ ಕಿವಿ’ಯವನೆಂದೇ ಆಡಿಕೊಳ್ಳುತ್ತೇವೆ. ಆದರೆ ತಾಮ್ರಕ್ಕೆ ಸತು ಸೇರಿಸಿ ಹಿತ್ತಾಳೆ ಮಾಡುವುದು ಎಷ್ಟು ಕಷ್ಟದ ವಿದ್ಯೆಯಾಗಿತ್ತೆಂದು ತಿಳಿದರೆ ಅದನ್ನು ಹೀಗೆ ಹಗುರವಾಗಿ ಕಾಣಲಾರೆವು. ತಾಮ್ರ ಕರಗುವುದು 1085 ಡಿಗ್ರಿ ಶಾಖದಲ್ಲಿ; ಸತುವಾದರೋ 907 ಡಿಗ್ರಿಗೇ ಆವಿಯಾಗಿ ಗಾಳಿಗೆ ಸೇರುತ್ತದೆ. ತಾಮ್ರ ಕರಗುವ ವೇಳೆಗೆ ಸತು ಒಲೆಯಲ್ಲಿರುವುದೇ ಇಲ್ಲ. ಆದುದರಿಂದ ಹಿಂದಿನವರು ಸತುವಿನ ಅದುರನ್ನೂ ಇದ್ದಿಲನ್ನೂ ತಾಮ್ರದ ಜೊತೆಗೆ ಮುಚ್ಚಿದ ಮೂಸೆಯಲ್ಲಿಟ್ಟು, ಎದ್ದ ಆವಿಯನ್ನು ತಾಮ್ರವೇ ಕುಡಿಯುವಂತೆ ಮಾಡುತ್ತಿದ್ದರು. ರಾಜಸ್ಥಾನದ ಜಾವರದಲ್ಲಿ ಹಲವು ಶತಮಾನಗಳ ಹಿಂದೆಯೇ ಆ ಆವಿಯನ್ನು ತಣಿಸಿ ಸತುವನ್ನು ಬಟ್ಟಿಯಿಳಿಸುವ ಕುಲುಮೆಗಳಿದ್ದುವು. ಯೂರೋಪಿನವರಿಗೆ ಈ ವಿದ್ಯೆ ಕೈಹತ್ತಿದ್ದು ಬಹಳ ತಡವಾಗಿ.

ಮಾವನ ಸುಣ್ಣದ ಡಬ್ಬಿ ಹೆಬ್ಬೆರಳಿನ ಗಾತ್ರದ್ದು. ಮುಚ್ಚಳಕ್ಕೆ ಒಂದು ಪುಟ್ಟ ಕೀಲು, ಒಂದು ಸರಪಣಿ, ಸರಪಣಿಯ ತುದಿಗೆ ಸುಣ್ಣ ತೆಗೆಯುವ ಕಡ್ಡಿ. ದಿನಕ್ಕೆ ಇಪ್ಪತ್ತು ಸಲ ತೆರೆದು ಮುಚ್ಚುವ ಇಂಥ ಡಬ್ಬಿಯನ್ನು ತಾಮ್ರದಲ್ಲಿ ಮಾಡಿದರೆ ಕೀಲು ಬಹುಬೇಗ ಸಡಿಲವಾದೀತು. ಗಂಟೆಯ ಕಂಚಿನಲ್ಲಿ ಇಷ್ಟು ತೆಳುವಾಗಿ ಮಾಡಿದರೆ ಒಂದು ದಿನ ಚಟ್ಟೆಂದೀತು. ಹಿತ್ತಾಳೆ ಎರಡರ ನಡುವೆ ನಿಲ್ಲುತ್ತದೆ. ಬೀಗದಕೈ, ಕೊಳಾಯಿಯ ತಿರುಪು, ಗಡಿಯಾರದ ಹಲ್ಲುಚಕ್ರ, ಹೀಗೆ ತಿರುಗುವ, ತೆರೆಯುವ, ಮುಚ್ಚುವ ಕೆಲಸವಿದ್ದಲ್ಲೆಲ್ಲ ಅದನ್ನೇ ಕರೆದರು. ಸುಣ್ಣವನ್ನೂ ಅದು ತಾಳಿಕೊಳ್ಳುತ್ತದೆ. ಅಲ್ಯುಮಿನಿಯಂ ಡಬ್ಬಿಗೆ ಸುಣ್ಣ ತುಂಬಿಟ್ಟವರಿಗೆ ಗೊತ್ತು. ಸುಣ್ಣ ಅದನ್ನು ತಿಂದು ತೂತುಮಾಡಿಬಿಡುತ್ತದೆ.

ಹಾಗೆಂದು ಹಿತ್ತಾಳೆಗೆ ಮರಣವಿಲ್ಲವೆಂದಲ್ಲ. ಮಾವನ ಡಬ್ಬಿಯ ಮುಚ್ಚಳವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಅದರ ಬಾಗಿದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು. ಯಾರೂ ಬೀಳಿಸಿದಂತಿಲ್ಲ, ತಗ್ಗಿಲ್ಲ, ಗಾಯವಿಲ್ಲ. “ಈ ಸಂಚಿ ಎಲ್ಲಿ ನೇತಾಡ್ತಿತ್ತು ಭಾವ?” ಎಂದು ಕೇಳಿದೆ. “ಕೊಟ್ಗೇಲಿ. ಅಟ್ಟಕ್ಕ ಹಾಕಿದ್ದು ಈಚ್ಗ” ಎಂದರು. ಅಲ್ಲಿಗೆ ರಹಸ್ಯ ಬಯಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿದ್ದ ಇಂಗ್ಲಿಷ್ ಪಡೆಗಳ ಹಿತ್ತಾಳೆಯ ಕಾಡತೂಸುಗಳು ಮಳೆಗಾಲ ಬಂದರೆ ಸಾಕು, ತಾವಾಗಿಯೇ ಬಿರಿಯುತ್ತಿದ್ದುವು. ಶತ್ರುವಿಲ್ಲ, ಪೆಟ್ಟಿಲ್ಲ, ಮದ್ದಿನಮನೆಯಲ್ಲಿ ಕುಳಿತಲ್ಲೇ ಬಿರುಕು. ಕಾಲಕ್ಕೆ ಬರುವ ಕಾಯಿಲೆಯೆಂದು ಅವರು ಅದಕ್ಕೆ ಋತುವಿನ ಹೆಸರನ್ನೇ ಇಟ್ಟರು. ಕಾರಣವನ್ನು ಲೋಹಶಾಸ್ತ್ರಜ್ಞರು ಸ್ಪಷ್ಟವಾಗಿ ಹೇಳಿದ್ದು 1921ರಲ್ಲಿ. ತಣ್ಣಗಿದ್ದಾಗಲೇ ಒತ್ತಿ ಬಾಗಿಸಿದ ಹಿತ್ತಾಳೆಯೊಳಗೆ ಒಂದು ಬಿಗುವು ಉಳಿದಿರುತ್ತದೆ. ಲಾಯದ ಕುದುರೆಗಂಜಲದಿಂದ ಏಳುವ ಅಮೋನಿಯದ ಗಾಳಿ ಮಳೆಗಾಲದ ತೇವದೊಂದಿಗೆ ಕೂಡಿ ಅದಕ್ಕೆ ತಾಕಿದರೆ ಆ ಬಿಗುವಿನ ಜಾಗದಲ್ಲೇ ಲೋಹ ಸೀಳುತ್ತದೆ. ದೊರೆಗಳ ಲಾಯದಲ್ಲಿ ಕಾಡತೂಸಿಗೆ ಆದದ್ದೇ ಗುಂಡ್ಲುಪೇಟೆಯ ದನದ ಕೊಟ್ಟಿಗೆಯಲ್ಲಿ ಸುಣ್ಣದ ಡಬ್ಬಿಗೂ ಆಯಿತು. ಭಾವ ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಹಸುವಿನ ಗಂಜಲ ಸಕಲ ರೋಗಕ್ಕೂ ಮದ್ದೆಂದು ಅವರ ಮತ. ಹಿತ್ತಾಳೆಯ ಮಟ್ಟಿಗಾದರೂ ಅದನ್ನು ತಿದ್ದಿಕೊಳ್ಳಬೇಕಾಯಿತು.

* * *

ಕಡೆಗೆ ಕಂಚು. ಇಷ್ಟು ಹೊತ್ತು ಅದನ್ನು ಮುಂದೂಡುತ್ತ ಬಂದೆನೆಂಬುದನ್ನು ಸೂಕ್ಷ್ಮಮತಿಗಳು ಕಂಡುಕೊಂಡಿರಬಹುದು.

ಕಂಸಾಳೆಯೆಂದರೆ ಎಡಗೈಯಲ್ಲಿ ಹಿಡಿಯುವ ಬಟ್ಟಲಿನಂಥ ಒಂದು ತಾಳ, ಬಲಗೈಯಲ್ಲಿ ದಾರದಿಂದ ಹಿಡಿಯುವ ಚಪ್ಪಟೆಯ ಇನ್ನೊಂದು ತಾಳ. ಅಂಗೈಯಗಲದ್ದು. ಏಳುಮಲೆ, ಎಪ್ಪತ್ತೇಳು ಮಲೆಗಳೊಡೆಯನ ಕಥೆಯನ್ನು ಗುಡ್ಡರು ರಾತ್ರಿಯಿಡೀ ಹಾಡುವಾಗ ಇದೇ ಅವರ ತಾಳ. ಬೀಸು ಕಂಸಾಳೆಗೆ ನಿಂತರೆ ಇದೇ ಅವರ ಆಯುಧ. ಬಲಗೈಯ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಸುತ್ತಿ ಬಂದು ಸರಿಯಾಗಿ ಎಡಗೈಯ ಬಟ್ಟಲಿಗೆ ಬಡಿಯಬೇಕು. ಮಾವ ಬೀಸಲು ನಿಂತರೆ ಕಣ್ಣಿಗೆ ತಾಳ ಕಾಣುತ್ತಿರಲಿಲ್ಲ. ಒಂದು ಹೊಂಬಣ್ಣದ ಗೆರೆ ಕಾಣುತ್ತಿತ್ತು.

ನನಗಾಗ ಹತ್ತು ವರ್ಷ. ಬೇಸಗೆಯ ರಜಕ್ಕೆ ಅವ್ವನ ಜೊತೆ ಮಾವನ ಮನೆಗೆ ಹೋಗಿದ್ದೆ. ಒಂದು ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದ್ದಾಗ, ಮುಟ್ಟಬಾರದೆಂದು ಕಟ್ಟಪ್ಪಣೆಯಿದ್ದ ಕಂಸಾಳೆಯನ್ನು ಗೂಟದಿಂದ ಇಳಿಸಿ, ಹಿತ್ತಲಿಗೆ ಒಯ್ದು, ಮಾವನಂತೆಯೇ ಬೀಸಿದೆ. ಎರಡನೆಯ ಸುತ್ತಿಗೆ ದಾರ ಜಾರಿತು. ತಾಳ ಹೋಗಿ ಒರಳುಕಲ್ಲಿಗೆ ಬಡಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಎತ್ತಿ ನೋಡಿದರೆ ಅಂಚಿನಿಂದ ನಡುವಿನ ಕಡೆಗೆ ಬೆರಳುದ್ದದ ಒಂದು ಸೀಳು. ಒರೆಸಿ, ಇದ್ದಲ್ಲೇ ತೂಗುಹಾಕಿ, ಹೋಗಿ ಮಲಗಿದವನಂತೆ ಮಲಗಿದೆ.

ಸಂಜೆ ಮಾವ ಅದನ್ನು ಕೈಗೆತ್ತಿಕೊಂಡು ಒಮ್ಮೆ ತಾಕಿಸಿದ. ‘ಠಣ್’ ಎನ್ನಬೇಕಾದದ್ದು ‘ಟಪ್’ ಎಂದಿತು. ದೇವರ ಕಂಸಾಳೆ. ಅವನ ಮುಖ ನೋಡಲಾಗಲಿಲ್ಲ. ಮಗನೇ ಮಾಡಿದ್ದೆಂದು ತೀರ್ಮಾನಿಸಿ, ಎಳೆದುಕೊಂಡು ಹೋಗಿ, ಹುಣಿಸೆಬರಲಿನಿಂದ ಹೊಡೆದ. ನಾನು ಅವ್ವನ ಸೆರಗಿನ ಹಿಂದೆ ನಿಂತು ನೋಡಿದೆ. ನಾನೆಂದು ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಮಾವ ತೀರಿಕೊಂಡಾಗ ಬಂದು ಮಣ್ಣು ಹಾಕಿದೆನಲ್ಲ, ಅಂದೂ ಹೇಳಲಿಲ್ಲ.

ಕಂಚು ಒಡೆದದ್ದೇಕೆಂಬುದನ್ನು ನಾನು ತಿಳಿದದ್ದು ಕಾಲೇಜಿನಲ್ಲಿ. ಕಂಚು ಒಂದೇ ಬಗೆಯದಲ್ಲ. ತಾಮ್ರಕ್ಕೆ ನಾಲ್ಕೈದು ಪಾಲು ತವರ ಬೆರೆತರೆ ನಾಣ್ಯದ ಕಂಚು. ಹತ್ತರ ಸುಮಾರಿಗೆ ಬೆರೆತರೆ ವಿಗ್ರಹದ ಕಂಚು. ಇಪ್ಪತ್ತೆರಡರ ಸುಮಾರಿಗೆ ಬಂದರೆ ಗಂಟೆಯ ಕಂಚು. ತವರ ತಾನು ಮೆತ್ತಗಿನ ಲೋಹ, 232 ಡಿಗ್ರಿಗೇ ಕರಗುವಂಥದು. ತಾಮ್ರವೂ ಮೆತ್ತಗಿನದೇ. ಈ ಎರಡು ಸಾಧುಗಳು ಕೂಡಿದರೆ ಹುಟ್ಟುವುದು ಕಲ್ಲಿನಂಥ ಗಡುಸು. ಪೆಟ್ಟು ಬಿದ್ದರೆ ತಾಮ್ರ ಆ ಪೆಟ್ಟನ್ನು ತನ್ನೊಳಗೇ ನುಂಗಿ ತಗ್ಗಾಗುತ್ತದೆ. ಗಂಟೆಯ ಕಂಚು ನುಂಗಲಾರದೆ ಅದನ್ನು ನಾದವಾಗಿ ಹೊರಕ್ಕೆ ಕೊಡುತ್ತದೆ. ತುಂಬುದನಿಯವರನ್ನು ನಾವು ‘ಕಂಚಿನ ಕಂಠ’ದವರೆನ್ನುವುದು ಸುಮ್ಮನೆ ಅಲ್ಲ. ಬಗ್ಗದ ಗುಣದಿಂದಲೇ ಅದಕ್ಕೆ ಸ್ವರ. ಬಗ್ಗದ ಗುಣದಿಂದಲೇ ಅದಕ್ಕೆ ಸೀಳು. ಒಂದನ್ನು ಬಿಟ್ಟು ಒಂದನ್ನು ಪಡೆಯುವಂತಿಲ್ಲ. ಸೀಳಿದ ಮೇಲೆ ಅದರ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಕಂಪನವನ್ನು ಕೊಂದುಹಾಕುತ್ತವೆ. ಬೆಸುಗೆ ಹಾಕಿದರೆ ಬಿರುಕು ಮುಚ್ಚುತ್ತದೆ, ಸ್ವರ ಮರಳುವುದಿಲ್ಲ. ಬೆಸುಗೆಯ ಮೆತ್ತನೆಯ ಲೋಹ ನಾದವನ್ನು ಕುಡಿದುಬಿಡುತ್ತದೆ. ಮಾವ ಅಂದೇ ಅದನ್ನು ಕಂಚುಗಾರರೊಬ್ಬರ ಬಳಿಗೆ ಒಯ್ದಿದ್ದನಂತೆ. ಅವರು ಬಿರುಕಿನ ತುದಿಗೆ ಒಂದು ಸಣ್ಣ ತೂತು ಕೊರೆದು, ಇನ್ನು ಮುಂದಕ್ಕೆ ಹರಿಯುವುದಿಲ್ಲ, ಇಷ್ಟೇ ನನ್ನಿಂದಾಗುವುದು, ಎಂದು ಕೈಚೆಲ್ಲಿದರಂತೆ. ಆ ತೂತು ಈಗಲೂ ಹಾಗೆಯೇ ಇತ್ತು. ಮಾವ ಬೇರೆ ಕಂಸಾಳೆ ಕೊಂಡು ಅದರಲ್ಲೇ ಕಡೆಯವರೆಗೆ ಹಾಡಿದ. ಒಡೆದದ್ದನ್ನು ಮಾತ್ರ ಜೋಳಿಗೆಯ ತಳದಲ್ಲಿ ಹೊತ್ತೇ ತಿರುಗಿದ.

* * *

ಯಾವುದು ಮೇಲೆಂದು ಭಾವ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಗುಜರಿಯವನ ತಕ್ಕಡಿಯಲ್ಲಿ ತಾಮ್ರ ಮೊದಲು, ಕಂಚು ಆಮೇಲೆ, ಹಿತ್ತಾಳೆ ಕಡೆಗೆ. ಒಡೆದ ಕಂಸಾಳೆಗೂ ಒಡೆಯದ ಕಂಸಾಳೆಗೂ ಅವನಲ್ಲಿ ಒಂದೇ ದರ. ಮೈಮೇಲೆ ಹೊತ್ತು ತಿರುಗುವವನ ಲೆಕ್ಕ ಬೇರೆ. ದಿನವೂ ಕೈಯಾಡಿಸುವ, ತೆರೆದು ಮುಚ್ಚುವ ಸಾಮಾನಿಗೆ ಹಿತ್ತಾಳೆಯೇ ಸರಿ, ಕೊಟ್ಟಿಗೆಯಲ್ಲಿ ತೂಗುಹಾಕದಿದ್ದರಾಯಿತು. ಬೀಗದಕೈ ಮುಂತಾದುವುಗಳ ಹಿತ್ತಾಳೆಯಲ್ಲಿ ಕಡೆಯುವ ಅನುಕೂಲಕ್ಕೆಂದು ಸ್ವಲ್ಪ ಸೀಸ ಬೆರೆಸುವುದುಂಟು. ಕೂಸುಗಳ ಬಾಯಿಗೆ ಅದನ್ನು ಕೊಡಬಾರದು. ಸುಮ್ಮನೆ ಜೊತೆಗಿರಲೆಂದು ಇಟ್ಟುಕೊಳ್ಳುವುದಕ್ಕೆ ತಾಮ್ರ. ಬಿದ್ದರೆ ಮುನಿಯದು, ನಮ್ಮ ಜೊತೆಯಲ್ಲೇ ಮುದಿಯಾಗುತ್ತದೆ. ಸ್ವರ ಬೇಕೆಂದರೆ ಕಂಚು. ಆದರೆ ಅದನ್ನು ಇಟ್ಟುಕೊಳ್ಳುವವನ ಕೈ ಎಚ್ಚರವಾಗಿರಬೇಕು.

ಮೂರಕ್ಕೂ ಸಮಾನವಾದ ಒಂದು ಗುಣವುಂಟು. ಮೂರರೊಳಗೂ ತಾಮ್ರವಿರುವುದರಿಂದ ಮೂರೂ ರೋಗಾಣುಗಳನ್ನು ಕೊಲ್ಲುತ್ತವೆ. ಅಮೆರಿಕದ ಪರಿಸರ ರಕ್ಷಣೆಯ ಸರ್ಕಾರಿ ಸಂಸ್ಥೆ 2008ರಲ್ಲಿ ತಾಮ್ರಕ್ಕೂ ಅದರ ಬೆರಕೆ ಲೋಹಗಳಿಗೂ ಈ ಗುಣವುಂಟೆಂದು ಒಪ್ಪಿ ದಾಖಲೆ ಮಾಡಿತು. ಉಕ್ಕಿನ ನುಣುಪಿಗೆ ಈ ಶಕ್ತಿಯಿಲ್ಲ. ಈ ಬಳಗ ನಮ್ಮ ಜೇಬನ್ನು ಪೂರ್ತಿಯಾಗಿ ಬಿಟ್ಟುಹೋಗಿಯೂ ಇಲ್ಲ. 1943ರಿಂದ 1947ರವರೆಗಿನ ತೂತಿನ ಕಾಸು ಕಂಚಿನದು. 1957ರ ಏಪ್ರಿಲ್ 1ರಂದು ಬಂದ ಒಂದು ನಯಾ ಪೈಸೆಯೂ ಕಂಚಿನದೇ, 1962ರಲ್ಲಿ ಅದು ಹಿತ್ತಾಳೆಗೆ ಇಳಿಯಿತು, 1965ರಲ್ಲಿ ಅಲ್ಯುಮಿನಿಯಮ್ಮಿಗೆ. ಈಗಿನ ಹಳದಿ ಬಣ್ಣದ ಐದು ರೂಪಾಯಿ ನಿಕ್ಕಲ್ ಕೂಡಿದ ಹಿತ್ತಾಳೆ. ನನ್ನ ಜೇಬಿನಲ್ಲಿ ಸಿಕ್ಕ ಹತ್ತು ರೂಪಾಯಿಯ ಹೊರಬಳೆ ತವರದ ಬದಲು ಅಲ್ಯುಮಿನಿಯಂ ಬೆರೆತ ಒಂದು ಬಗೆಯ ಕಂಚು. ಮೂವರು ದಾಯಾದಿಗಳೂ ಹೆಸರು ಮರೆಸಿಕೊಂಡು ಇಲ್ಲಿಯೇ ಓಡಾಡುತ್ತಿದ್ದಾರೆ.

ಇಷ್ಟನ್ನೂ ಭಾವನಿಗೆ ಹೇಳಿ ಮುಗಿಸಿದೆ. ಅಕ್ಕ ಕಾಫಿ ತಂದಿಟ್ಟರು. ಭಾವನ ಮೊಮ್ಮಗಳು ಶಾಲೆಯಿಂದ ಬಂದವಳು ಚೀಲ ಬಿಸಾಡಿ ನೇರವಾಗಿ ಕಂಸಾಳೆಯ ಬಳಿಗೇ ಬಂದಳು. ಹನ್ನೆರಡು ವರ್ಷದ ಹುಡುಗಿ. ಶಾಲೆಯ ಬೀಸು ಕಂಸಾಳೆಯ ತಂಡದಲ್ಲಿದ್ದಾಳಂತೆ. ಹಿಂದೆ ಗಂಡಸರದ್ದೇ ಆಗಿದ್ದ ಈ ಕಲೆ ಈಗ ಹೆಣ್ಣುಮಕ್ಕಳ ಕೈಗೂ ಬಂದಿದೆ. ಅವಳು ಬಟ್ಟಲನ್ನು ಬೆರಳ ತುದಿಯಲ್ಲಿ ತೂಗಿ ಉಗುರಿನಿಂದ ಮೀಟಿದಳು. ಐವತ್ತೈದು ವರ್ಷಗಳ ಮೇಲೆ ಆ ದನಿಯನ್ನು ಕೇಳಿದೆ. ಆಮೇಲೆ ಚಪ್ಪಟೆಯ ತಾಳವನ್ನು ಮೀಟಿದಳು. ‘ಟಪ್’.

“ಇದ್ಯಾಕ ತಾತ ಇಂಗ ಸೀಳೋಗದ?” ಎಂದು ನನ್ನನ್ನೇ ಕೇಳಿದಳು.

ಲೋಹಶಾಸ್ತ್ರವೆಲ್ಲ ಆಗಲೇ ಖರ್ಚಾಗಿಹೋಗಿತ್ತು. “ನಾನು ಒಡೆದದ್ದು ಮಗಳೇ” ಎಂದೆ. ಭಾವನ ಕಡೆಗೆ ತಿರುಗಿ, “ಅವತ್ತು ನಾನು ಒಡೆದದ್ದು ಭಾವ. ನೀನು ಏಟು ತಿಂದೆ” ಎಂದೆ.

ಭಾವ ಕಾಫಿಯ ಲೋಟವನ್ನು ಕೆಳಗಿಟ್ಟರು. “ನಂಗ ಗೊತ್ತಿತ್ತು ಬುಡು. ನಾನು ಬಾಗ್ಲಲ್ಲೇ ನಿಂತಿದ್ದಿ” ಎಂದರು.

“ಮತ್ತೆ ಹೇಳಲಿಲ್ಲವೇಕೆ?”

“ನೆಂಟ್ರ ಕೂಸ್ಗ ಹೊಡ್ಸಕ್ಕಾದ್ದಾ? ನಮ್ಮಪ್ಪ ನಿಂಗ ಹೊಡುದಿದ್ರ ನಿಮ್ಮವ್ವ ಮತ್ತ ತವ್ರಿಗ ಬತ್ತಿರ್ನಿಲ್ಲ.”

ಹನ್ನೆರಡು ವರ್ಷದ ಹುಡುಗನೊಬ್ಬ ಬರಲಿನ ಏಟು ತಿನ್ನುತ್ತ ಮಾಡಿದ ಲೆಕ್ಕ ಇದು. ನನಗೆ ಮಾತು ಹೊರಡಲಿಲ್ಲ. ಹೊರಡುವ ಅಗತ್ಯವೂ ಅವರಿಗೆ ಕಾಣಲಿಲ್ಲವೆಂದು ತೋರುತ್ತದೆ. ಲೋಟವನ್ನು ಮತ್ತೆ ಎತ್ತಿಕೊಂಡು, ಮೂರೂ ಸಾಮಾನುಗಳ ಗತಿಯನ್ನು ಅಲ್ಲಿಯೇ ತೀರ್ಮಾನಿಸಿದರು. ಸುಣ್ಣದ ಡಬ್ಬಿ ಅಕ್ಕನಿಗೆ. ಬಿರುಕಿದ್ದರೂ ಕೀಲು ಇನ್ನೂ ಗಟ್ಟಿಯಾಗಿದೆ. ಬಟ್ಟಲು ಹುಡುಗಿಗೆ. ಸೀಳಿದ ತಾಳವನ್ನು ಕರಗಿಸಿ ಮತ್ತೆ ಎರಕ ಹೊಯ್ಯಿಸಬೇಕು.

ನಾನು ಬೇಡವೆಂದೆ. ಮಾವ ಅಷ್ಟು ವರ್ಷ ಹೊತ್ತು ತಿರುಗಿದ್ದನ್ನು ಬೆಂಕಿಗೆ ಹಾಕುವುದೇ? ಹಾಗೆಯೇ ಇರಲಿ, ಗೋಡೆಗೆ ತೂಗುಹಾಕೋಣ, ಎಂದೆ. ಭಾವ ಒಪ್ಪಲಿಲ್ಲ. ಮೂಕ ಕಂಸಾಳೆಯಿಂದ ಮಾದಪ್ಪನಿಗೇನು, ಮಕ್ಕಳಿಗೇನು, ಎಂದರು. ಆಲೋಚಿಸಿದರೆ ಅವರ ಮಾತೇ ಸರಿ. ಒಡೆದ ಕಂಚಿಗೆ ತೇಪೆಯಿಲ್ಲ, ಆದರೆ ಮರುಜನ್ಮವುಂಟು. ತಾಮ್ರಕ್ಕಿಂತ ಕಡಿಮೆ ಶಾಖದಲ್ಲಿ ಅದು ಕರಗುತ್ತದೆ. ಕರಗುವಾಗ ತವರ ಒಂದಿಷ್ಟು ಉರಿದುಹೋಗುವುದರಿಂದ ಬಲ್ಲವರು ಅಳತೆ ನೋಡಿ ಚೂರು ತವರ ಸೇರಿಸುತ್ತಾರೆ. ಉಳಿದದ್ದೆಲ್ಲ ಮಾವನ ಕೈ ಮುಟ್ಟಿದ ಲೋಹವೇ. ನಾಗಮಂಗಲದ ಕಡೆ ಎರಕದ ಕಸುಬಿನವರು ಈಗಲೂ ಇದ್ದಾರೆ. ಬಟ್ಟಲಿನ ದನಿ ಕೇಳಿ ಅದಕ್ಕೆ ಹೊಂದುವಂತೆ ತಾಳ ಮಾಡಿಕೊಡಬಲ್ಲವರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. “ಒಡ್ದವ್ನೇ ಮಾಡ್ಸ್ಕೊಡ್ಬೇಕು” ಎಂದು ಭಾವನ ಆಜ್ಞೆ. ಖರ್ಚೂ ನನ್ನದೇ. ಐವತ್ತೈದು ವರ್ಷದ ಬಡ್ಡಿಯ ಮಾತನ್ನು ಅವರು ಎತ್ತಲಿಲ್ಲ.

ಹೊರಡುವಾಗ ಭಾವ ತಾಮ್ರದ ಕಾಸನ್ನು ನನ್ನ ಜೇಬಿಗೆ ಹಾಕಿದರು. “ನಿನ್ ಜೇಬೂ ಬರಿದಾಗ್ಬಾರ್ದು” ಎಂದರು. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಊಟಿಯ ಬಸ್ಸೂ ವಯನಾಡಿನ ಬಸ್ಸೂ ಹೊರಟುಹೋದ ಮೇಲೆ ಚಾಮರಾಜನಗರದ್ದು ಬಂತು. ಕಿಟಕಿಯ ಪಕ್ಕ ಕುಳಿತೆ. ತೊಡೆಯ ಮೇಲೆ ವೃತ್ತಪತ್ರಿಕೆಯಲ್ಲಿ ಸುತ್ತಿದ ಸೀಳಿದ ತಾಳ, ಜೇಬಿನಲ್ಲಿ ಆನೆ. ತೆರಕಣಾಂಬಿಯವರೆಗೆ ಹೆಬ್ಬೆರಳಿನಿಂದ ಅದರ ಬೆನ್ನನ್ನು ಸವರುತ್ತಲೇ ಇದ್ದೆ. ಶಿವರಾತ್ರಿಯ ಹೊತ್ತಿಗೆ ತಾಳ ಸಿದ್ಧವಾಗಬೇಕೆಂದು ಹುಡುಗಿ ಹೇಳಿ ಕಳಿಸಿದ್ದಾಳೆ.